ಹೊಳೆ ಎಲ್ಲಿತ್ತೆಂದು ಕೇಳಿದರು

ಕಾಜಲಡಾಂಗಾ
ಫಾಲ್ಗುಣ ಹನ್ನೆರಡು, ಗುರುವಾರ, ೧೯೪೯

ನೀಲೂ, ನನ್ನ ಕಂದಾ, ಅಮ್ಮನ ಹರಕೆಯೆಲ್ಲ ನಿನ್ನ ತಲೆಯ ಮೇಲಿರಲಿ.

ರಾಣಾಘಾಟ್‌ನ ನಿರಾಶ್ರಿತರ ಶಿಬಿರದಲ್ಲಿ ನಿನ್ನ ಕೆಮ್ಮು ಹೇಗಿದೆ? ಆಡುಸೋಗೆ ಸೊಪ್ಪು ಅಲ್ಲಿಯೂ ಯಾವುದಾದರೂ ಬೇಲಿಯಲ್ಲಿ ಸಿಕ್ಕೀತು, ಕುದಿಸಿ ಕುಡಿ, ಮುಖ ಕಿವುಚಬೇಡ. ಸೊಸೆ ಶೈಲಾಳಿಗೆ ಆರು ತಿಂಗಳಾಯಿತೆಂದು ಬರೆದಿದ್ದೀಯ. ಹುಳಿ ಕೇಳಿದರೆ ತಂದುಕೊಡು. ಕಾಲು ಬಾತುಕೊಂಡರೆ ಉಪ್ಪು ಕಡಿಮೆ ಮಾಡಿಸು, ಕೊಡ ಹೊರಲು ಬಿಡಬೇಡ. ನನಗೇನೂ ಆಗಿಲ್ಲ. ಮಂಡಿ ನೋಯುತ್ತದೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ ಅಂತ ಊರವರೇ ಹೇಳುತ್ತಾರೆ.

ನಿನ್ನ ಕಾಗದ ಬಂತು. ಗಡಿ ಕಲ್ಲು ನೆಡಲು ಮೋಜಣಿಯವರು ಬರುತ್ತಾರೆ, ಬತ್ತಿಹೋದ ಹಳೇ ಹೊಳೆಯೇ ಗಡಿಯಂತೆ, ಹೊಳೆ ಎಲ್ಲಿತ್ತು ಅಂತ ನಿನ್ನನ್ನೇ ಕೇಳುತ್ತಾರೆ, ನಮ್ಮ ಮನೆಯ ಪೂರ್ವಕ್ಕಿತ್ತು ಅಂದುಬಿಡು, ಮನೆ ಹಿಂದೂಸ್ತಾನಕ್ಕೆ ಸೇರುತ್ತದೆ, ನಾವು ಮಾರನೇ ದಿನವೇ ಬಂದುಬಿಡುತ್ತೇವೆ ಎಂದು ನೀನು ಬರೆದಿದ್ದೆ. ಓದಿ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ನಿನ್ನ ಮುಖ ನೋಡಿ ಒಂದೂವರೆ ವರ್ಷವಾಯಿತು. ಹೊಳೆ ಇದ್ದದ್ದು ಪಶ್ಚಿಮಕ್ಕೆ ಅಂತ ನಿನಗೂ ಗೊತ್ತು. ಪೂರ್ವದ್ದು ಹಿತ್ತಿಲ ಹಿಂದಿನ ಬರೀ ತಗ್ಗು. ದೊಡ್ಡ ನೆರೆ ಬಂದ ವರ್ಷ ಅಲ್ಲಿ ಒಂದು ತಿಂಗಳು ನೀರು ನಿಂತದ್ದಕ್ಕೆ ಕೆಲವರು ಅದನ್ನೇ ಹೊಳೆ ಅನ್ನುತ್ತಾರೆ. ಹಳಬರು ಇನ್ನೂ ನಾಲ್ಕೈದು ಮಂದಿ ಇದ್ದಾರೆ, ಒಬ್ಬೊಬ್ಬರೂ ತಮಗೆ ಬೇಕಾದ ಕಡೆ ಕೈ ತೋರಿಸುತ್ತಾರೆ. ಅದಕ್ಕೇ ಎರಡೂ ಕಡೆಯವರು ಸೂಲಗಿತ್ತಿಯಾದ ನನ್ನ ಮಾತಿಗೆ ಒಪ್ಪಿದ್ದು. ಆ ಎರಡು ಹಳ್ಳಗಳ ನಡುವೆ ನಮ್ಮ ಮನೆಯೊಂದೇ ಇದೆಯೇನೋ ನೀಲೂ? ಮುಸಲ್ಮಾನ ನೇಕಾರರ ಹದಿನಾಲ್ಕು ಮನೆಗಳಿವೆ. ಅವರೇನಾಗಬೇಕೆಂದು ನಿನ್ನ ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ನಿನ್ನೊಬ್ಬನನ್ನೇ ಬೈಯುತ್ತಿಲ್ಲ. ಊರಾಡಳಿತದ ಯೂನಿಯನ್ ಬೋರ್ಡಿನ ತೋರಾಪ್ ಮೊಂಡಲ್ ಒಂದು ಮಡಕೆ ಖರ್ಜೂರದ ಬೆಲ್ಲ ಹಿಡಿದುಕೊಂಡು ಬಂದಿದ್ದ. ಹೊಳೆ ಇನ್ನೂ ಪಶ್ಚಿಮಕ್ಕೆ, ಘೋಷರ ಮಾವಿನ ತೋಪಿನ ಆಚೆಗೆ ಹರಿಯುತ್ತಿತ್ತು ಅನ್ನಬೇಕಂತೆ, ತೋಪು ಈ ಕಡೆಗೆ, ಪಾಕಿಸ್ತಾನಕ್ಕೆ ಬರಲಿ ಅಂತ. ಬೆಲ್ಲ ಇಟ್ಟು ಹೋಗು, ಹೊಳೆಯ ಸುದ್ದಿಗೆ ಬರಬೇಡ ಅಂದೆ. ಮುಖ ಗಂಟಿಕ್ಕಿಕೊಂಡು ಇಟ್ಟು ಹೋದ. ಅರ್ಧ ಶೈಲಾಳಿಗೆ ಕಳಿಸಿದ್ದೇನೆ.

ಸೋಮವಾರ ಬಂದರು. ಆ ದೇಶದವನೊಬ್ಬ, ಈ ದೇಶದವನೊಬ್ಬ, ಇಬ್ಬರಿಗೂ ಸೇರಿ ಒಂದೇ ಅಳತೆಯ ಸರಪಳಿ. ಹಳೇ ನಕಾಶೆಯಲ್ಲಿ ಎರಡೂ ಹಳ್ಳ ಒಂದೇ ತರಹ ಕಾಣುತ್ತವಂತೆ. ಊರಿಗೆ ಊರೇ ನೆರೆದಿತ್ತು. ಮೊಯೇಜ್ ಕಾರಿಗರ್ ತನ್ನ ಮಗ್ಗದ ಮನೆಯ ಮುಂದೆ ಕೈಕಟ್ಟಿ ನಿಂತಿದ್ದ. ಆ ನೇಕಾರರಿಗೆಲ್ಲ ಹಿರಿಯ ಅವನು. ಹದಿನಾಲ್ಕು ಮನೆಯವರ ಬದುಕು ನನ್ನ ಬಾಯಲ್ಲಿದ್ದರೂ ಇಷ್ಟು ದಿನ ನನ್ನನ್ನು ಒಂದು ಮಾತೂ ಕೇಳಿರಲಿಲ್ಲ, ಪುಣ್ಯಾತ್ಮ. ಮೋಜಣಿಯವರು ಮೊದಲು ಪೂರ್ವದ ತಗ್ಗಿಗೇ ನಡೆದರು. ಬಿದಿರು ಮೆಳೆಯ ಹತ್ತಿರ ನಿಂತು ಕನ್ನಡಕದವನು, "ಅಜ್ಜಿ, ಇದೇನಾ ಹೊಳೆ?" ಅಂದ. ನಿನ್ನ ಮೇಲಿನ ಆಸೆಗೆ ನನ್ನ ಬಾಯಿ ಸಿದ್ಧವಾಗಿತ್ತು ನೀಲೂ. ಒಂದು "ಹೂಂ" ಸಾಕಿತ್ತು. ಆಗ ನಾನು ಎಲ್ಲಿ ನಿಂತಿದ್ದೇನೆಂದು ನೋಡಿಕೊಂಡೆ.

ಈ ಊರಿನಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿದ್ದೇನೆ. ಹಿಂದೂವಿನ ಮಗುವಾಗಲಿ, ಮುಸಲ್ಮಾನರ ಮಗುವಾಗಲಿ, ಹೊಕ್ಕುಳ ಬಳ್ಳಿಯನ್ನು ಕುಡಿಕೆಗೆ ಹಾಕಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಆ ಮೆಳೆಯ ಬುಡದಲ್ಲೇ ಹೂಳಿದ್ದೇನೆ. ನೀರು ಹರಿಯುವ ಕಡೆ ಯಾರೂ ಹೂಳುವುದಿಲ್ಲ, ಮಗು ನಿಲ್ಲುವುದಿಲ್ಲ ಅಂತ. ನೀನು ಹುಟ್ಟಿದ ವರ್ಷ ಹೊಳೆ ಎರಡು ದಡ ತುಂಬಿ ಹರಿಯುತ್ತಿತ್ತು. ಇಲ್ಲಿ ಹೊಳೆಯಿತ್ತು ಅಂದರೆ, ಹೆತ್ತ ಮಗನ ಬಳ್ಳಿಯನ್ನು ನಾನೇ ನೀರಿಗೆ ಎಸೆದೆ ಅಂದಹಾಗೆ. ಅದನ್ನು ನಿನಗೋಸ್ಕರವೂ ಹೇಳಲಾರೆ.

ಕುಡಿಕೆಯ ಕತೆ ಹೇಳಿದೆ. ಇನ್ನೊಬ್ಬ ನಕ್ಕ. "ಇದನ್ನ ನಕಾಶೆ ಮೇಲೆ ಹೆಂಗಜ್ಜಿ ಬರ್ಕೊಳ್ಳೋದು?" ಮೈ ಉರಿದುಹೋಯಿತು. ಗುದ್ದಲಿ ತಂದು ನಾನೇ ಅಗೆದೆ, ಯಾರನ್ನೂ ಮುಟ್ಟಗೊಡಲಿಲ್ಲ. ನಿನ್ನದನ್ನು ಹೂಳಿದ ಜಾಗ ನಾನು ಮರೆತಿಲ್ಲ, ಮೊಳದಾಳದಲ್ಲಿ ಸಿಕ್ಕಿತು. ಸೀಳು ಕೂಡ ಬಿಟ್ಟಿಲ್ಲ, ಮೆತ್ತಿದ ಮಣ್ಣು ಹಾಗೇ ಇದೆ. "ಇದು ನನ್ನ ಮಗಂದು. ಮೂವತ್ತು ವರ್ಷ ಆಯ್ತು. ಹೊಳೆ ಇದ್ದಿದ್ರೆ ಇದು ಇಲ್ಲಿ ಇರ್ತಿತ್ತೇನಪ್ಪಾ? ಬರ್ಕೋ, ಹೊಳೆ ಆ ಕಡೆ" ಅಂತ ಪಶ್ಚಿಮಕ್ಕೆ ಕೈ ತೋರಿಸಿದೆ. ಬರೆದುಕೊಂಡರು. ಕೆಳಗೆ ನನ್ನ ರುಜುವನ್ನೂ ಹಾಕಿಸಿಕೊಂಡರು. ಎಲ್ಲರೂ ಹೋದ ಮೇಲೆ ಮೊಯೇಜ್ ಬಂದು ಮಣ್ಣು ಮುಚ್ಚಲು ಕೂತ. ತಲೆ ಎತ್ತದೆ, "ಅಕ್ಕಾ, ನೀಲೂಗೆ ಏನಂತ ಬರೀತೀಯ?" ಅಂದ. ಇದ್ದದ್ದನ್ನು ಬರೆಯುತ್ತೇನೆ ಅಂದೆ. ಆಮೇಲೆ ಇಬ್ಬರೂ ಕೂತು ಅತ್ತೆವು.

ಅಮ್ಮ ಮನೆಯನ್ನು ಪಾಕಿಸ್ತಾನಕ್ಕೆ ಕೊಟ್ಟಳು ಅಂತ ಶಿಬಿರದಲ್ಲಿ ಹೇಳಿಕೊಂಡು ತಿರುಗಬೇಡ. ಮನೆ ಎಲ್ಲಿಗೂ ಹೋಗಿಲ್ಲ, ಹೋದವನು ನೀನು. ಹೊಳೆ ಎಲ್ಲಿತ್ತು ಅಂತ ಕೇಳಿದರು, ಹೇಳಿದೆ. ಅದರಾಚೆಗೆ ಕಾಲಿಡುವುದಿಲ್ಲ ಅಂತ ನಾನು ಯಾರಿಗೂ ಬರೆದುಕೊಟ್ಟಿಲ್ಲ. ಎಲ್ಲೋ ಕೂತು ಗೆರೆ ಎಳೆದವರಿಗೆ ಈ ಊರಿನ ಒಂದು ಮಗುವಿನ ಹೆಸರೂ ಗೊತ್ತಿಲ್ಲ. ಅವರಿಗೆ ಹೆದರಿ ನಾನೇಕೆ ಗಂಟುಮೂಟೆ ಕಟ್ಟಲಿ?

ಶೈಲಾಳ ತಲೆ ಸವರಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟಿದ್ದರೆ ಸಿಟ್ಟಿನಿಂದಲೇ ಕಾಗದ ಬರೆ, ಬರೆಯದೆ ಇರಬೇಡ.

ನಿನ್ನ ಹೆತ್ತವಳು,
ಖ್ಯಾಂತಮಣಿ

ಮತ್ತೆ: ಮುಖ್ಯವಾದದ್ದೇ ಬಿಟ್ಟುಹೋಯಿತು, ಕಾಗದ ಒಯ್ಯುವವರು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಜ್ಯೇಷ್ಠಕ್ಕೆ ಮೊದಲು ಶೈಲಾಳನ್ನು ಇಲ್ಲಿಗೆ ಕರೆದುಕೊಂಡು ಬಾ. ನಿನಗೆ ಧೈರ್ಯವಿಲ್ಲದಿದ್ದರೆ ನಾನೇ ಅಲ್ಲಿಗೆ ಬಂದು ಹೆರಿಗೆ ಮಾಡಿಸುತ್ತೇನೆ. ಮಗುವಿನ ಬಳ್ಳಿಯನ್ನು ಆ ಶಿಬಿರದಲ್ಲಿ ಹೂಳಗೊಡುವುದಿಲ್ಲ, ಅಲ್ಲಿಂದ ನಿಮ್ಮನ್ನು ಇನ್ನೆಲ್ಲಿಗೆ ಅಟ್ಟುತ್ತಾರೋ ಯಾರು ಬಲ್ಲರು. ಕುಡಿಕೆಯನ್ನು ಸೆರಗಿಗೆ ಕಟ್ಟಿಕೊಂಡು ಗಡಿ ದಾಟಿ ತರುತ್ತೇನೆ. ಕಾವಲಿನವರು ಗಂಟು ಬಿಚ್ಚಿಸಿ ನೋಡುವುದಾದರೆ ನೋಡಲಿ. ನಿನ್ನದರ ಪಕ್ಕದಲ್ಲೇ ಇನ್ನೊಂದು ಕುಳಿ ತೋಡಿಟ್ಟಿದ್ದೇನೆ.