ಟೋಪಿಯ ಮೇಲಿನ ಮಿಂಚುಳ್ಳಿ

ಅಕ್ಕಾ,

ಕರಿತಲೆ ಮಿಂಚುಳ್ಳಿಯ ಒಂದೇ ಒಂದು ಫೋಟೊಗಾಗಿ ನಾಲ್ಕು ದಿನದಿಂದ ಕಡಲಂಚಿನ ಕೆಸರಿನಲ್ಲಿ ಗೂಟದ ಹಾಗೆ ಕೂತಿದ್ದೆ. ಆ ಹಾಳು ಹಕ್ಕಿ ಇವತ್ತು ಬೆಳಿಗ್ಗೆ ಬಂತು. ಬಂದು ಎಲ್ಲಿ ಕೂತಿತು ಅಂತೀಯ? ನನ್ನ ಟೋಪಿಯ ಮೇಲೆ!

"ಅಲ್ಲಾಡ್ಬೇಡಿ, ಉಸಿರೂ ಬಿಡ್ಬೇಡಿ, ದಮ್ಮಯ್ಯ!" ಅಂತ ಪಕ್ಕದಲ್ಲಿದ್ದ ರಿಟೈರ್ಡ್ ಮೇಷ್ಟ್ರು ಪಿಸುಗುಟ್ಟಿದರು. ಹಕ್ಕಿಗಾಗಿಯೇ ಬಂದಿದ್ದ ಹನ್ನೊಂದು ಜನ ನನ್ನ ಕಡೆ ಕ್ಯಾಮೆರಾ ತಿರುಗಿಸಿ ಹೊಟ್ಟೆ ತುಂಬ ಕ್ಲಿಕ್ಕಿಸಿಕೊಂಡರು. ನನ್ನೊಬ್ಬನಿಗೇ ಅದರ ಮುಖ ಕಾಣಲಿಲ್ಲ.

ಮೊಣಕಾಲು ಹಿಡಿದುಕೊಂಡಿದೆ, ನೀನು ಕೊಟ್ಟ ಮುಲಾಮೂ ಮುಗಿಯಿತು. ಸಂಜೆ ಅವರಲ್ಲೊಬ್ಬ ಸ್ಟುಡಿಯೊದವನು ತಾನು ತೆಗೆದ ಫೋಟೊವನ್ನೇ ಈ ಕಾರ್ಡು ಮಾಡಿ ನನಗೇ ಮಾರಿದ. ತಿರುಗಿಸಿ ನೋಡು, ಹಕ್ಕಿ ಒಂದೊಂದು ಗರಿಯನ್ನೂ ಎಣಿಸುವ ಹಾಗೆ ಬಂದಿದೆ. ಅದರ ಕೆಳಗೆ ಮಸುಕಾಗಿರುವ ಗೂಟವೇ,

ನಿನ್ನ ತಮ್ಮ