ವಾಕರ್ ಹೋಗದ ಮನೆಗಳು

೫ ಮಾರ್ಚ್ ೨೦೦೬, ಭಾನುವಾರ, ಸಂಜೆ

ಇದೆಂಥ ಶಿಕ್ಷೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಗೆ ಅರವತ್ತೆಂಟನೇ ವಯಸ್ಸಿನಲ್ಲಿ ಪೆನ್ನು. ಮಗಳು ಮೈತ್ರಿಯ ಕೆಲಸ. ಆಫೀಸಿನಲ್ಲಿ ಕೊಟ್ಟ ಹೋದ ವರ್ಷದ ಡೈರಿ ತಂದು ಮುಂದಿಟ್ಟಳು. "ಅಪ್ಪ, ಫ್ಲ್ಯಾಟ್ ನೋಡೋಕೆ ಹೋದಾಗ ಓನರ್ ಎದುರಿಗೆ ಬೈಬೇಡ. ಮನೆಗೆ ಬಂದು ಇದರಲ್ಲಿ ಎಷ್ಟು ಬೇಕೋ ಬೈಕೋ. ನಾನು ಓದಲ್ಲ."

ಸರಿ. ಬೈಯುತ್ತೇನೆ.

ಇವತ್ತು ಬನಶಂಕರಿ ಮೂರನೇ ಸ್ಟೇಜು. ಬ್ರೋಕರ್ ಪಾಪಯ್ಯ ಕರೆದುಕೊಂಡು ಹೋದ. ಬಾಗಿಲು ತೆಗೆದರೆ ಎದುರಿಗೇ ಕಕ್ಕಸು. ಬಂದ ನೆಂಟರಿಗೆ ಮೊದಲ ದರ್ಶನ ಅದರದು. ಹಾಲಿನ ಮಧ್ಯೆ ಎರಡು ಕಂಬ. ಮೈತುಂಬ ದ್ರಾಕ್ಷಿ ಗೊಂಚಲು, ಅದಕ್ಕೆ ಚಿನ್ನದ ಬಣ್ಣ. ಬೆರಳಲ್ಲಿ ತಟ್ಟಿದೆ — ಡಬ್ಬದ ಸದ್ದು. ಮೇಲೆ ಏನನ್ನೂ ಹೊತ್ತಿಲ್ಲ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ್ದೇನೆ, ಇಷ್ಟು ಸೋಮಾರಿ ಕಂಬ ನೋಡಿರಲಿಲ್ಲ.

ನನ್ನ ಹೆಂಡತಿ ತಿಮ್ಮಕ್ಕನ ವಾಕರ್ ಅಗಲಕ್ಕೆ ಸರಿಯಾಗಿ ಒಂದು ಮರದ ಪಟ್ಟಿ ಕೊಯ್ದು ಇಟ್ಟುಕೊಂಡಿದ್ದೇನೆ. ಇಪ್ಪತ್ತೈದು ಇಂಚು. ಬಚ್ಚಲ ಬಾಗಿಲಿಗೆ ಅಡ್ಡ ಹಿಡಿದೆ. ಹೋಗಲಿಲ್ಲ. ಅಲ್ಲಿಗೆ ಮುಗಿಯಿತು.

೧೨ ಮಾರ್ಚ್

ಬಿ.ಟಿ.ಎಂ. ಓನರ್ ಸಂಗಮೇಶ, ಹುಬ್ಬಳ್ಳಿ ಕಡೆಯ ಹುಡುಗ. "ಎಲ್ಲಾ ವಾಸ್ತು ಪ್ರಕಾರ ಐತ್ರಿ ಅಜ್ಜಾರ" ಅಂದ. ಗೊತ್ತಾಯಿತು. ವಾಸ್ತು ಅಂತ ಕಕ್ಕಸನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆದಿದ್ದಾರೆ. ಪೈಪಿಗೆ ಇಳಿಜಾರು ಸಿಗಲಿಲ್ಲ, ನೆಲವನ್ನೇ ಒಂದಡಿ ಎತ್ತರಿಸಿದ್ದಾರೆ. ಎರಡು ಮೆಟ್ಟಿಲು ಹತ್ತಿ ಸಿಂಹಾಸನದ ಮೇಲೆ ಕೂರಬೇಕು. ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಜಾಗವಿಲ್ಲ. ಅದು ಮಂಚದ ಪಕ್ಕ ನಿಂತಿದೆ. ಗಂಡ, ಹೆಂಡತಿ, ಫ್ರಿಜ್ಜು — ಮೂವರಿಗೂ ಒಂದೇ ರೂಮು. ದೇವರ ಮನೆ ಮಾತ್ರ ಅಡುಗೆಮನೆಗಿಂತ ದೊಡ್ಡದು. ತಾರಸಿಗೆ ನೇರಳೆ ಲೈಟು, ಬಾರಿನ ಹಾಗೆ.

ನಾಲಿಗೆ ಕಚ್ಚಿಕೊಂಡು ಬಂದೆ. ಮೈತ್ರಿಗೆ ಖುಷಿ.

ತಿಮ್ಮಕ್ಕನಿಗೆ ಹೇಳಿದರೆ ನಕ್ಕಳು. ಆಮೇಲೆ ಕಿಟಕಿ ಕಡೆ ತಿರುಗಿದಳು. ನಮ್ಮದು ಜರಗನಹಳ್ಳಿಯಲ್ಲಿ ಎರಡನೇ ಮಹಡಿ, ಬಾಡಿಗೆ ಮನೆ. ಅಕ್ಟೋಬರಿನಲ್ಲಿ ಬಿದ್ದು ಸೊಂಟಕ್ಕೆ ರಾಡ್ ಹಾಕಿಸಿಕೊಂಡ ಮೇಲೆ ಅವಳು ಸ್ವಂತ ಕಾಲಲ್ಲಿ ಕೆಳಗೆ ಇಳಿದಿಲ್ಲ. ಆಸ್ಪತ್ರೆಗೆ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊರಬೇಕು. "ಹೆಣ ಹೊರೋದು ಈಗಲೇ ಪ್ರಾಕ್ಟೀಸ್ ಮಾಡ್ಕೊಂತಿದ್ದೀರಾ" ಅನ್ನುತ್ತಾಳೆ.

೧೯ ಮಾರ್ಚ್, ರಾತ್ರಿ ಊಟಕ್ಕೆ ಮುಂಚೆ

ಸಿಕ್ಕಿತು.

ಜೆ.ಪಿ. ನಗರ, ಗ್ರೌಂಡ್ ಫ್ಲೋರು. ಒಳಗಿನ ಅಲಂಕಾರ ಹೇಸಿಗೆ. ಗೋಡೆಗೆ ಕಿತ್ತಳೆ ಬಣ್ಣ ಬಳಿದು ಸ್ಪಂಜಿನಲ್ಲಿ ಚುಚ್ಚಿದ್ದಾರೆ, ಸಿಡುಬು ಬಂದಂತಿದೆ. ಪ್ಲಾಸ್ಟಿಕ್ ಬಳ್ಳಿ, ಅದರ ಮೇಲೆ ನಿಜವಾದ ಧೂಳು. ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆ ಒಡೆದು ಮೀನಿನ ತೊಟ್ಟಿ. ಒಗ್ಗರಣೆ ಹಾಕುವುದನ್ನು ಮೀನು ನೋಡುತ್ತಿರಬೇಕು, ಪಾಪ.

ಆದರೆ ಕಟ್ಟಿದವನು ಮನುಷ್ಯ. ಪಟ್ಟಿ ಎಲ್ಲ ಬಾಗಿಲಲ್ಲೂ ಹೋಯಿತು. ಬಚ್ಚಲಿಗೆ ಹೊಸ್ತಿಲಿಲ್ಲ. ಮುಂಬಾಗಿಲಿಂದ ಗೇಟಿನವರೆಗೆ ಒಂದೂ ಮೆಟ್ಟಿಲಿಲ್ಲ, ಸಣ್ಣ ಇಳಿಜಾರು ಅಷ್ಟೆ. ಮೂವತ್ತೊಂದು ಹೆಜ್ಜೆ. ಎಣಿಸಿದೆ. ಗೇಟಿನ ಹೊರಗೆ ತರಕಾರಿ ಗಾಡಿ.

ಓನರ್ ವಿಜಯಲಕ್ಷ್ಮಿ ಅಂತ, ನಲವತ್ತರ ಹೆಂಗಸು. ಮರ್ಯಾದೆಯಾಗಿ ಮಾತಾಡಿಸಿದಳು, ನೀರು ಕೊಟ್ಟಳು. ಮೈತ್ರಿಯ ಲೋನು ಪಾಸಾಗಿದೆ ಎಂದಾಗ ಇನ್ನೂ ಮರ್ಯಾದೆ. ಮುಂದಿನ ಭಾನುವಾರವೇ ಅಗ್ರಿಮೆಂಟ್ ಮಾಡಿಕೊಳ್ಳೋಣ ಅಂದಳು.

ಹೊರಡುವಾಗ ಚಪ್ಪಲಿಗೆ ಬಗ್ಗಿದೆ. ಶೂ ಸ್ಟ್ಯಾಂಡಿನ ಮೇಲೆ ಬುದ್ಧನ ತಲೆ. ಬರೀ ತಲೆ. ನೆತ್ತಿಯಿಂದ ನೀರು ಸುರಿಯುತ್ತದೆ, ಒಳಗೆ ಬಲ್ಬು — ಕೆಂಪು, ಹಸಿರು, ನೀಲಿ. ಅಭ್ಯಾಸ ನೋಡಿ, ಕೈ ತಾನೇ ಮುಗಿಯಿತು.

ಅವಳು ನಕ್ಕಳು. "ಅಯ್ಯೋ ಅಂಕಲ್, ಅದು ಶೋಪೀಸು. ಫೆಂಗ್ ಶೂಯಿ."

"ನಮಗೆ ಶೋಪೀಸಲ್ಲಮ್ಮ. ದಿನಾ ಬೆಳಿಗ್ಗೆ ಮನೇಲಿ ವಂದನೆ ಮಾಡೋದು ಇವನಿಗೇ. ಚಪ್ಪಲಿ ಮೇಲಿಂದ ತೆಗೆದು ಒಳಗಿಟ್ಟರೆ ಒಳ್ಳೇದು." ಮೆತ್ತಗೆ ಹೇಳಿದೆ. ಮೈತ್ರಿಯೇ ಸಾಕ್ಷಿ.

"ಓ, ಬುದ್ಧಿಸ್ಟಾ? ಟಿಬೆಟ್ ಕಡೆಯವರಾ?"

"ಜರಗನಹಳ್ಳಿ."

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲು ಏನಾಗಿದ್ರಿ?"

ಏನು ಕೇಳುತ್ತಿದ್ದಾಳೆಂದು ಗೊತ್ತು. "ಗಾರೆ ಮೇಸ್ತ್ರಿ" ಅಂದೆ.

ಆಗಲೇ ಒಲೆಯ ಮೇಲೆ ಕಾಫಿ ಇಟ್ಟಾಗಿತ್ತು, ನಿಲ್ಲಿ ಅಂತ ತಂದಳು. ನೀರು ಸ್ಟೀಲ್ ಲೋಟದಲ್ಲಿ ಬಂದಿತ್ತು. ಕಾಫಿ ಬಿಸಾಡುವ ಕಪ್ಪಿನಲ್ಲಿ ಬಂತು. ಮುಟ್ಟಲಿಲ್ಲ. ಅಗ್ರಿಮೆಂಟ್ ವಿಷಯ ಫೋನ್ ಮಾಡಿ ಹೇಳುತ್ತಾಳಂತೆ.

೨೦ ಮಾರ್ಚ್

ತಿಮ್ಮಕ್ಕನಿಗೆ ಮನೆ ಸಿಕ್ಕಿತು ಎಂದಷ್ಟೇ ಹೇಳಿದ್ದೇನೆ. ಗೇಟಿಗೆ ಎಷ್ಟು ಹೆಜ್ಜೆ ಎಂದು ಕೇಳಿದಳು. ಹೇಳಿದೆ. ಮಧ್ಯಾಹ್ನದಿಂದ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ವಾಕರ್ ಸದ್ದು. ಬಾಯಲ್ಲಿ ಎಣಿಕೆ. ಹನ್ನೆರಡಕ್ಕೆ ಕೂತುಬಿಟ್ಟಳು.

೨ ಏಪ್ರಿಲ್, ಭಾನುವಾರ

ಎರಡು ವಾರ. ಫೋನಿಲ್ಲ. ಮೈತ್ರಿ ಮಾಡಿದರೆ ಎತ್ತುವುದಿಲ್ಲ. ಪಾಪಯ್ಯನನ್ನು ಕೇಳಿದರೆ, ಅವರು ಮಾರುವುದನ್ನೇ ಬಿಟ್ಟರಂತೆ.

ಬಸ್ಸು ಹತ್ತಿ ನಾನೇ ಹೋದೆ. ಗೇಟಿನಲ್ಲಿ ಬೋರ್ಡು ಹಾಗೇ ನೇತಾಡುತ್ತಿದೆ, ಮಾರಾಟಕ್ಕಿದೆ ಅಂತ. ಅಲ್ಲೇ ನಿಂತು ಪಾಪಯ್ಯನಿಗೆ ಫೋನ್ ಮಾಡಿ ಬೈದೆ. ಇದು ಲೆಕ್ಕಕ್ಕಿಲ್ಲ, ಅವನು ಓನರ್ ಅಲ್ಲ. ಕೊನೆಗೆ ಬಾಯಿ ಬಿಟ್ಟ.

"ಸಂಜೀವಯ್ಯಣ್ಣ, ಬೇಜಾರು ಮಾಡ್ಕೋಬೇಡಿ. ಪ್ಯೂರ್ ವೆಜ್‌ನವರೇ ಬೇಕಂತೆ. ಬಿಲ್ಡಿಂಗಿನೋರು ಒಪ್ಪಲ್ವಂತೆ."

ಅವಳ ಅಡುಗೆಮನೆಯಲ್ಲಿ ಮೊಟ್ಟೆ ಟ್ರೇ ನಾನು ಕಣ್ಣಾರೆ ನೋಡಿದ್ದೇನೆ. ಬುದ್ಧ ಬೇಕು, ತಲೆ ಮಾತ್ರ. ಅವನ ಹಿಂದೆ ಬಂದವರು ಬೇಡ.

ತಲಘಟ್ಟಪುರದಲ್ಲಿ ಒಂದಿದೆ, ನಿಮ್ಮವರೇ ಜಾಸ್ತಿ ಇದ್ದಾರೆ, ತೋರಿಸಲಾ ಅಂದ. ಮೂರನೇ ಮಹಡಿಯಂತೆ. ಫೋನ್ ಇಟ್ಟೆ.

ಮನೆಗೆ ಬಂದರೆ ತಿಮ್ಮಕ್ಕ ಮಂಚದ ಮೇಲೆ ಬೆವರುತ್ತ ಕೂತಿದ್ದಳು. ಮೂವತ್ತೊಂದು ಆಯಿತು, ಒಂದೇ ಸಲಕ್ಕೆ, ಅಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನಿಂತೆ.

೫ ಏಪ್ರಿಲ್

ಬಿಟ್ಟುಬಿಡೋಣ, ಅಂಥವರ ಮನೆ ನಮಗ್ಯಾಕೆ ಎನ್ನುತ್ತಾಳೆ ಮೈತ್ರಿ. ಹೌದು, ಅಂಥವರದು ಬೇಡ. ಆದರೆ ಆ ಬಾಗಿಲು, ಆ ಇಳಿಜಾರು ಕಟ್ಟಿದ್ದು ಅವಳಲ್ಲ. ಬೆಂಗಳೂರಲ್ಲಿ ಇನ್ನೊಂದು ಹುಡುಕುವಷ್ಟರಲ್ಲಿ ತಿಮ್ಮಕ್ಕನ ಕಾಲು ನಡೆಯುವುದನ್ನೇ ಮರೆತುಬಿಡುತ್ತದೆ.

ಈ ಹಾಳೆ ಹರಿದು ನಾಳೆ ನಾನೇ ಕೊಟ್ಟು ಬರುತ್ತೇನೆ. ಬರೆಯುತ್ತೇನೆ —

ವಿಜಯಲಕ್ಷ್ಮಿಯವರೇ,

ನೀವು ಹೇಳಿದ ರೇಟು ನಾವು ಒಪ್ಪಿದ್ದೇವೆ. ಲೋನು ತಯಾರಿದೆ. ಮನೆ ನನ್ನ ಹೆಂಡತಿಗೆ ಬೇಕು, ನಡೆದು ರಸ್ತೆಗೆ ಬರಲಿಕ್ಕೆ. ಕೊಡುತ್ತೀರೋ ಇಲ್ಲವೋ. ಇಲ್ಲವಾದರೆ ಯಾಕೆಂದು ನನಗೇ ಹೇಳಿ, ಪಾಪಯ್ಯನ ಕೈಲಿ ಹೇಳಿಸಬೇಡಿ. ಏಪ್ರಿಲ್ ಹದಿನಾಲ್ಕರೊಳಗೆ ಉತ್ತರ ಬೇಕು.