ತಮ್ಮನಿಗೆ ತೆರೆಯದ ಬಾಗಿಲು

೮ ಏಪ್ರಿಲ್ ೧೯೪೨, ಬುಧವಾರ. ಸೋಲ್ವಿಕ್, ನಾರ್ವೆ.

ನನ್ನ ಯಜಮಾನರನ್ನು, ಇವರನ್ನು, ಪೊಲೀಸರು ಕರೆದೊಯ್ದರು. ಕರೆದೊಯ್ದವನು ನನ್ನ ಸ್ವಂತ ತಮ್ಮ ತೂರ್ಲೈಫ್; ಅದೇ ಎದೆಯಲ್ಲಿ ಚುಚ್ಚುತ್ತಿದೆ.

ಜರ್ಮನ್ನರು ಕೂರಿಸಿದ ಸರ್ಕಾರದ ಕೈಕೆಳಗೆ ಪಾದ್ರಿಯಾಗಿರಲಾರೆ ಎಂದು ಇವರು ಈಸ್ಟರ್ ಭಾನುವಾರ ಚರ್ಚಿನಲ್ಲೇ ಹೇಳಿಬಿಟ್ಟಿದ್ದರು. ಇವತ್ತು ತೂರ್ಲೈಫ್ ತನ್ನ ಪೊಲೀಸ್ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ಅಂಗಲಾಚಿದ.

"ಭಾವ, ತಪ್ಪಾಯ್ತು ಅಂತ ಒಂದು ಸಹಿ ಹಾಕ್ಬಿಡಿ. ದೇವ್ರೇನು ಮುನಿಸ್ಕೊಳ್ತಾನಾ?"

"ಸರ್ಕಾರ ಕೊಟ್ಟ ಕೆಲ್ಸ ವಾಪಸ್ ಕೊಟ್ಟೆ ಕಣೋ. ದೇವ್ರು ಹೊರಿಸಿದ್ದನ್ನ ಯಾರ ಕೈಗೆ ಕೊಡ್ಲಿ? ನಿನ್ನ ದೊರೆಗಳಿಗೂ ಅವನೇ ದೊರೆ," ಎಂದರು ಇವರು. ಆಮೇಲೆ ತಾವೇ ಕೋಟು ಹಾಕಿಕೊಂಡರು.

ಸಂಜೆ ತೂರ್ಲೈಫ್ ಮತ್ತೆ ಬಂದ.

"ಅಕ್ಕಾ, ಮೀನು ತಂದಿದೀನಿ. ಬೇರೆ ಯಾರಾದ್ರೂ ಬಂದಿದ್ರೆ ಭಾವಂಗೆ ಹೊಡೀತಿದ್ರು, ಅದಕ್ಕೇ ನಾನೇ ಬಂದೆ. ಬಾಗಿಲು ತೆಗಿಯೇ."

ಅವನು ಅಳುತ್ತಿದ್ದದ್ದು ಕೇಳಿಸಿತು. ಅಮ್ಮ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದವಳು ನಾನು. ಆದರೂ ಏಳಲಿಲ್ಲ.

ಲೋಕದ ಸಿಂಹಾಸನಗಳೆಲ್ಲ ಪ್ರಭುವಿನ ಕೈಯಲ್ಲಿವೆ ಎಂದು ನಾನೂ ನಂಬಿದವಳೇ. ಆದರೆ ನನ್ನ ಮನಸ್ಸನ್ನು ಇವತ್ತು ಅವನು ಆಳಲಿಲ್ಲ, ನಾನು ಆಳಗೊಡಲಿಲ್ಲ. ಪ್ರಾರ್ಥನೆ 'ಕ್ಷಮಿಸು' ಎನ್ನುವ ಮಾತಿನವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಹೋಗಲು ನನಗೆ ಆಗುತ್ತಿಲ್ಲ.